ಎಂಬಿಪಿಎಸ್ ಎಂಬ ಮೂಢನಂಬಿಕೆ

ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನ ಆ ಮನೆಗೆ ಹೋದಾಗ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರವೇ ಕಾಯುತ್ತ ನಿಂತಿದ್ದರು. ನಾನು ಗಾಡಿ ಸ್ಟ್ಯಾಂಡ್ ಹಾಕುವುದಕ್ಕೂ ಬಿಡಲಿಲ್ಲ.

‘ನೋಡ್ರಿ, ಮೊದ್ಲು ಐವತ್ತು ಇತ್ತು. ಸ್ಲೋ ಆತು ಅಂದ್ರೆ ನೂರು ಮಾಡಿಸ್ರಿ ಅಂದ್ರು, ಮಾಡಿಸ್ದೆ. ಆಮೇಲೆ ಮುನ್ನೂರು ಅಂದ್ರು, ಅದನ್ನೂ ಮಾಡಿಸ್ದೆ. ಮೊಮ್ಮಗಳ ಕ್ಲಾಸು ಇನ್ನೂ ನಿಂತು ನಿಂತೇ ಬರ್ತೈತಿ. ಇನ್ನೆಷ್ಟಕ್ಕೆ ಏರಿಸ್ಬೇಕು ಹೇಳ್ರಿ?’

ಮಹಡಿ ಮೇಲೆ ಮೊಮ್ಮಗಳು ನೀಟ್ ಕೋಚಿಂಗಿನ ಕ್ಲಾಸಿಗೆ ಕೂತಿದ್ದಳು. ಪರದೆಯ ಮೇಲೆ ಮಾಸ್ತರರ ಬಾಯಿ ತೆರೆದದ್ದು ತೆರೆದೇ ಇತ್ತು. ಅವಳಿಂದ ಲ್ಯಾಪ್‌ಟಾಪ್ ಇಸಿದುಕೊಂಡು ಕಪ್ಪು ಕಿಟಕಿ ತೆರೆದು ಒಂದೇ ಸಾಲು ಹೊಡೆದೆ. ಹೋಗಿ ಬರಲು ಎಷ್ಟು ಹೊತ್ತು ಎಂದು ಅಳೆಯುವ ಪಿಂಗ್, ಅದರ ಮುಂದೆ 192.168.1.1. ಇದು ಅಮೆರಿಕದ್ದೋ ಬೆಂಗಳೂರಿನದ್ದೋ ವಿಳಾಸವಲ್ಲ. ಅವರದೇ ಮನೆಯ ಕೆಳಗಿನ ಹಾಲಿನಲ್ಲಿ, ಟಿವಿ ಪಕ್ಕ ಕೂತಿರುವ ರೂಟರಿನದು. ಮೆಟ್ಟಿಲ ತುದಿಯಲ್ಲಿ ನಿಂತು ಕೂಗಿದರೆ ಕೇಳುವಷ್ಟು ದೂರ. ಉತ್ತರ ಎರಡೋ ಮೂರೋ ಮಿಲಿಸೆಕೆಂಡಿಗೆ ಬರಬೇಕು. ಬಂದದ್ದು ಹೀಗೆ: 4, 210, 87, ಅದರ ಮುಂದಿನದಕ್ಕೆ ಉತ್ತರವೇ ಇಲ್ಲ, 340, 6, ಮತ್ತೊಂದಕ್ಕೂ ಉತ್ತರವಿಲ್ಲ.

‘ಮೇಷ್ಟ್ರೇ, ನಿಮ್ಮ ಮುನ್ನೂರು ಹಾಲಿನ ತನಕ ಬಂದೈತ್ರಿ. ಮೆಟ್ಲು ಹತ್ತೋಕೆ ಆಗ್ತಿಲ್ಲ ಅಷ್ಟೇ.’

ರೂಟರ್ ಇದ್ದದ್ದು ಗಾಜಿನ ಬಾಗಿಲಿನ ಶೋಕೇಸಿನೊಳಗೆ, ಟಿವಿಯ ಬೆನ್ನಿಗೆ, ಎರಡು ಸ್ಟೀಲ್ ಟ್ರೋಫಿಗಳ ನಡುವೆ. ಧೂಳು ಕೂರಬಾರದೆಂದು ಮೇಷ್ಟ್ರ ಮನೆಯವರು ಅದಕ್ಕೊಂದು ಕಸೂತಿ ಬಟ್ಟೆಯನ್ನೂ ಹೊದಿಸಿದ್ದರು. ಮೇಲೆ ಕಬ್ಬಿಣ ತುಂಬಿದ ಆರ್‌ಸಿಸಿ ಚಾವಣಿ. ಸುತ್ತ ಎಷ್ಟು ಮನೆಯ ವೈಫೈ ಇದೆ ಎಂದು ಫೋನಿನಲ್ಲಿ ನೋಡಿದರೆ ಹತ್ತೊಂಬತ್ತು ಹೆಸರು ಬಂತು. ಹದಿನೈದು ಮೀಟರ್ ಕೇಬಲ್ಲನ್ನು ಕಿಟಕಿಯಿಂದ ಮೇಲಕ್ಕೆ ಎಳೆದು, ಅಟ್ಟದಲ್ಲಿ ಬಿದ್ದಿದ್ದ ಹಳೆಯ ರೂಟರನ್ನೇ ತೊಳೆದು ಒರೆಸಿದಂತೆ ಮಾಡಿ ಮಹಡಿಯಲ್ಲಿ ಕೂರಿಸಿ ಬಂದೆ. ಪಿಂಗ್ 1, 1, 2, 1 ಎಂದು ಎಣಿಸತೊಡಗಿತು. ಮಾಸ್ತರರ ಬಾಯಿ ಮುಚ್ಚಿ ತೆರೆಯಿತು.

ಇಪ್ಪತ್ತು ವರ್ಷದಿಂದ ಈ ಊರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಎಲ್ಲ ಕಡೆಯೂ ಎದುರಾಗುವುದು ಒಂದೇ ನಂಬಿಕೆ: ನೆಟ್ ನಿಧಾನವಾದರೆ ಪ್ಲಾನ್ ಏರಿಸು. ಅದಕ್ಕೂ ಸರಿಯಾಗದಿದ್ದರೆ ಆಫ್ ಮಾಡಿ ಆನ್ ಮಾಡು. ಅದಕ್ಕೂ ಬಗ್ಗದಿದ್ದರೆ ಕಂಪನಿ ಬದಲಾಯಿಸು. ಮನೆಯವರು ಹಾಗಂದರೆ ಹೋಗಲಿ ಎನ್ನಬಹುದು. ಕಂಪ್ಯೂಟರ್ ಸೈನ್ಸ್ ಓದಿದವರು, ಕಾಲೇಜಿನ ಖರೀದಿ ಸಮಿತಿಯಲ್ಲಿ ಕೂರುವವರು, ಆಸ್ಪತ್ರೆ ಆಡಳಿತದವರು ಕೂಡ ಇದನ್ನೇ ಹೇಳುತ್ತಾರೆ. ಅದರ ಮೇಲೆ ನನಗೆ ಸಿಟ್ಟಿದೆ. ಈ ಲೇಖನ ಆ ಸಿಟ್ಟಿನಿಂದಲೇ ಬರೆದದ್ದು.

ಹತ್ತಿ ಗಿರಣಿಗಳ ಊರು ನಮ್ಮದು. ನೂಲು ಪದೇ ಪದೇ ಹರಿಯುತ್ತಿದ್ದರೆ ಹಳೆಯ ಫಿಟ್ಟರ್ ಯಾರೂ ‘ದೊಡ್ಡ ಮೋಟರ್ ತರಿಸ್ರಿ’ ಅಂದವರಲ್ಲ. ಯಾವ ಕದಿರಿನಲ್ಲಿ ಹರಿಯುತ್ತಿದೆ, ಯಾವ ಹೊತ್ತಿನಲ್ಲಿ, ಗಾಳಿಯ ತೇವ ಎಷ್ಟಿದೆ ಎಂದು ನೋಡುತ್ತಿದ್ದರು. ಆ ಬುದ್ಧಿ ಗಿರಣಿಗಳ ಜೊತೆಗೇ ಬಾಗಿಲು ಹಾಕಿಕೊಂಡು ಹೋಯಿತೋ ಏನೋ.

ಮೊದಲು ಎಂಬಿಪಿಎಸ್ ಅಂದರೆ ಏನು ಎಂಬುದನ್ನೇ ನೋಡೋಣ. ಒಂದು ಸೆಕೆಂಡಿಗೆ ಎಷ್ಟು ದತ್ತಾಂಶ ದಾಟಬಹುದು ಎನ್ನುವ ಅಳತೆ ಅದು. ದಾರಿ ಎಷ್ಟು ಅಗಲ ಎನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ದತ್ತಾಂಶದ ಒಂದು ತುಂಡು, ಅಂದರೆ ಪ್ಯಾಕೆಟ್, ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ದಾರಿಯಲ್ಲಿ ಎಷ್ಟು ಕಳೆದುಹೋಗುತ್ತವೆ, ಒಂದರ ಹೊತ್ತಿಗೂ ಇನ್ನೊಂದರ ಹೊತ್ತಿಗೂ ಎಷ್ಟು ಏರುಪೇರು ಎಂಬುದರ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಮೇಷ್ಟ್ರ ಮನೆಯ ತೊಂದರೆ ಈ ಮೂರರಲ್ಲಿ ಇತ್ತು. ಅಗಲ ಸಾಕಷ್ಟಿತ್ತು, ಸಾಕಾಗಿ ಮಿಕ್ಕುವಷ್ಟಿತ್ತು. ಫುಲ್ ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಸಾಕು ಎಂದು ನೆಟ್‌ಫ್ಲಿಕ್ಸಿನವರೇ ಹೇಳುತ್ತಾರೆ. ಮೂವರಿರುವ ಮನೆಗೆ ಮುನ್ನೂರು ಯಾಕೆ?

ನಮ್ಮ ಸರ್ಕಾರದ ವ್ಯಾಖ್ಯೆಯೂ ಇದೇ ದಾರಿ ಹಿಡಿದಿದೆ. ಬ್ರಾಡ್‌ಬ್ಯಾಂಡ್ ಅಂದರೆ 512 ಕೆಬಿಪಿಎಸ್ ಎಂದಿದ್ದದ್ದನ್ನು 2023ರ ಜನವರಿಯಲ್ಲಿ 2 ಎಂಬಿಪಿಎಸ್ ಮಾಡಿದರು. ಏರಿಸಿದ್ದು ಒಳ್ಳೆಯದೇ. ಗುಣಮಟ್ಟಕ್ಕೆ ಬೇರೆ ನಿಯಮಗಳಿವೆ ಎಂಬುದೂ ನಿಜ. ಆದರೆ ಹೆಸರು ಕಟ್ಟುವ ಜಾಗದಲ್ಲಿ ಇರುವುದು ವೇಗ ಒಂದೇ. ಇನ್ನು ಜಾಹೀರಾತಿನವರ ಪಾಡೇನು? ಮಾರಲು ಅವರ ಕೈಯಲ್ಲಿರುವುದು ಒಂದೇ ಅಂಕಿ, ಅದನ್ನೇ ದೊಡ್ಡದು ಮಾಡುತ್ತ ಹೋಗುತ್ತಾರೆ.

ದಾವಣಗೆರೆಯವರಿಗೆ ಇದನ್ನು ಅರ್ಥ ಮಾಡಿಸಲು ಕಂಪ್ಯೂಟರೇ ಬೇಕಿಲ್ಲ. ಭದ್ರಾ ನಾಲೆ ಸಾಕು. ಲಕ್ಕವಳ್ಳಿಯ ಜಲಾಶಯ 186 ಅಡಿ ತುಂಬಿ ಗೇಟು ಎತ್ತಿದ ವರ್ಷವೂ ಅಚ್ಚುಕಟ್ಟಿನ ಕೊನೇ ಭಾಗದ ರೈತ ನೀರು ಬಂದಿಲ್ಲ ಎಂದು ರಸ್ತೆಗೆ ಇಳಿದದ್ದುಂಟು. ಡ್ಯಾಮಿನಲ್ಲಿ ನೀರು ಇಲ್ಲದೆಯಲ್ಲ. ಮೇಲಿನವರು ನಾಲೆಗೆ ಪಂಪ್‌ಸೆಟ್ ಇಟ್ಟಿರುತ್ತಾರೆ, ಉಪನಾಲೆಯಲ್ಲಿ ಹೂಳು, ತೂಬು ಮುರಿದಿರುತ್ತದೆ, ಸರದಿ ನೋಡುವ ಸೌಡಿ ಇರುವುದಿಲ್ಲ. ಆಗ ಇನ್ನೂ ಸಾವಿರ ಕ್ಯೂಸೆಕ್ ಬಿಡಿ ಅಂದರೆ ಮೇಲಿನ ಗದ್ದೆಗೆ ಇನ್ನಷ್ಟು ಹೋಗುತ್ತದೆ, ಕೊನೆಯ ಗದ್ದೆ ಬಿರಿದೇ ಇರುತ್ತದೆ. ನೀರು ಬಿಡುವುದು ಬೇರೆ, ನೀರು ತಲುಪಿಸುವುದು ಬೇರೆ ಎಂಬುದನ್ನು ಈ ಜಿಲ್ಲೆಯಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. 2023ರ ಬರದಲ್ಲಿ ‘ಆನ್ ಅಂಡ್ ಆಫ್’ ಪದ್ಧತಿಯಲ್ಲಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುತ್ತೇವೆ ಅಂದಾಗ ಊರೇ ಎದ್ದು ನಿಂತಿತು. ಒಟ್ಟು ಎಷ್ಟು ನೀರು ಎನ್ನುವಷ್ಟೇ ಮುಖ್ಯ, ಅದು ಯಾವ ಹೊತ್ತಿಗೆ, ಎಷ್ಟು ದಿನ ತಡವಾಗಿ ಬರುತ್ತದೆ ಎನ್ನುವುದು ಎಂದು ಭತ್ತ ಬೆಳೆಯುವವನಿಗೆ ಗೊತ್ತು. ಅದೇ ರೈತನ ಮಗ ಎಂಜಿನಿಯರಾಗಿ ಬಂದು ‘ಸಾರ್, ಪ್ಲಾನ್ ಅಪ್‌ಗ್ರೇಡ್ ಮಾಡಿಸಿ’ ಅನ್ನುತ್ತಾನೆ.

ವೈಫೈ ವಿಚಾರದಲ್ಲಿ ಈ ನಾಲೆಯ ಹೋಲಿಕೆ ಇನ್ನೂ ಕಟುವಾಗಿ ಕೂರುತ್ತದೆ. ವೈಫೈ ಒಂದು ಹಂಚಿಕೆಯ ಗಾಳಿ. ಒಂದು ಚಾನೆಲ್ಲಿನಲ್ಲಿ ಒಬ್ಬ ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು, ಪಕ್ಕದ ಮನೆಯವರೂ ಸೇರಿ. 1971ರಲ್ಲಿ ಹವಾಯಿಯಲ್ಲಿ ನಾರ್ಮನ್ ಅಬ್ರಾಮ್ಸನ್ ತಂಡ ದ್ವೀಪಗಳ ನಡುವೆ ರೇಡಿಯೊದಿಂದ ಕಂಪ್ಯೂಟರುಗಳನ್ನು ಜೋಡಿಸಿದಾಗಲೇ ಈ ಲೆಕ್ಕ ಎದುರಾಗಿತ್ತು. ಯಾರು ಬೇಕಾದರೂ ಯಾವಾಗ ಬೇಕಾದರೂ ಮಾತಾಡಲಿ ಎಂದು ಬಿಟ್ಟರೆ ದಾರಿಯ ಹೆಚ್ಚೆಂದರೆ ಶೇ 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ, ಉಳಿದದ್ದು ಡಿಕ್ಕಿಗಳಲ್ಲಿ ಮತ್ತು ಖಾಲಿ ಹೊತ್ತಿನಲ್ಲಿ ಹೋಗುತ್ತದೆ. ಈಗಿನ ವೈಫೈ ಮೊದಲು ಕಿವಿಗೊಟ್ಟು, ಆಮೇಲೆ ಮಾತಾಡುತ್ತದೆ. ಆದರೂ 2.4 ಗಿಗಾಹರ್ಟ್ಸಿನಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು ಮೂರೇ: 1, 6, 11. ಹತ್ತೊಂಬತ್ತು ಮನೆ, ಮೂರು ಚಾನೆಲ್ಲು.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಹೇಳಿದಾಗ ಜನ ನಂಬುವುದಿಲ್ಲ. ರೂಟರಿನ ಪಕ್ಕ ಕೂತ ಲ್ಯಾಪ್‌ಟಾಪು 54 ಎಂಬಿಪಿಎಸ್‌ನಲ್ಲಿ ಮಾತಾಡುತ್ತಿದೆ ಎನ್ನಿ. 1500 ಬೈಟಿನ ಒಂದು ಪ್ಯಾಕೆಟ್ ಕಳಿಸಲು ಅದಕ್ಕೆ ಕಾಲು ಮಿಲಿಸೆಕೆಂಡೂ ಬೇಡ. ಹಿತ್ತಿಲ ಕೋಣೆಯಲ್ಲಿ, ಎರಡು ಗೋಡೆ ಆಚೆ ಒಂದು ಹಳೆಯ ಫೋನು 1 ಎಂಬಿಪಿಎಸ್‌ನಲ್ಲಿ ಏದುಸಿರು ಬಿಡುತ್ತಿದೆ. ಅದೇ ಪ್ಯಾಕೆಟ್ಟಿಗೆ ಅದಕ್ಕೆ 12 ಮಿಲಿಸೆಕೆಂಡು ಬೇಕು. ಸರದಿ ಇಬ್ಬರಿಗೂ ಒಂದೊಂದೇ. ಹಾಗಾಗಿ ಆ ಫೋನಿನಲ್ಲಿ ವಾಟ್ಸ್‌ಆ್ಯಪ್ ವಿಡಿಯೊ ಹೋಗುತ್ತಿದ್ದರೆ ಪಕ್ಕದಲ್ಲೇ ಕೂತ ಲ್ಯಾಪ್‌ಟಾಪೂ ಕುಂಟುತ್ತದೆ. ಹೊರಗಿನಿಂದ ಬರುವ ಮುನ್ನೂರನ್ನು ಸಾವಿರ ಮಾಡಿದರೂ ಈ 12 ಮಿಲಿಸೆಕೆಂಡು ಹನ್ನೊಂದಾಗುವುದಿಲ್ಲ.

ಸಂಜೆ ಹೊತ್ತು ವಿಡಿಯೊ ಕರೆಯಲ್ಲಿ ಅಮೆರಿಕದ ಮಗನ ದನಿ ಬಾವಿಯೊಳಗಿಂದ ಬಂದಂತೆ ಬರುತ್ತದೆ ಅನ್ನುವವರಿದ್ದಾರೆ. ಇಲ್ಲಿ ಕಳ್ಳ ಬೇರೆ. ಅದೇ ಹೊತ್ತಿಗೆ ಮನೆಯ ಯಾವುದೋ ಫೋನು ಮದುವೆಯ ಫೋಟೊಗಳನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ರೂಟರಿನೊಳಗೆ ಕಾಯುವ ಜಾಗವೊಂದಿದೆ, ಬಫರ್ ಎನ್ನುತ್ತಾರೆ. ಒಂದು ಪ್ಯಾಕೆಟ್ಟೂ ಬಿದ್ದುಹೋಗಬಾರದೆಂದು ತಯಾರಕರು ಅದನ್ನು ದೊಡ್ಡದಾಗಿ ಇಟ್ಟರು. ಲೆಕ್ಕ ಮಾಡಿ ನೋಡಿ: ಬಫರಿನಲ್ಲಿ ಒಂದು ಮೆಗಾಬೈಟಿನ ಸಾಲು ನಿಂತಿದೆ ಎನ್ನಿ, ಅಂದರೆ ಎಂಟು ಮೆಗಾಬಿಟ್. ಮೇಲಕ್ಕೆ ಹೋಗುವ ದಾರಿ 10 ಎಂಬಿಪಿಎಸ್ ಇದ್ದರೆ ಆ ಸಾಲು ಕರಗಲು 0.8 ಸೆಕೆಂಡು. ನಿಮ್ಮ ದನಿಯ ಪುಟ್ಟ ಪ್ಯಾಕೆಟ್ಟು ಫೋಟೊಗಳ ಹಿಂದೆ 800 ಮಿಲಿಸೆಕೆಂಡು ನಿಂತಿರುತ್ತದೆ. ಮಾತುಕತೆ ಹಿತವಾಗಿರಬೇಕಾದರೆ ಒಂದು ಕಡೆಯ ತಡ 150 ಮಿಲಿಸೆಕೆಂಡಿನೊಳಗೆ ಇರಬೇಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೇ ಇದೆ. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ ತನ್ನ ಮನೆಯ ನೆಟ್ಟು ಯಾಕೆ ಹೀಗೆ ಎಂದು ಹುಡುಕಹೊರಟು ಈ ರೋಗ ಹಿಡಿದು, ಅದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಮದ್ದನ್ನೂ ಕೊಟ್ಟರು: ಸಾಲಿನಲ್ಲಿ ಹೆಚ್ಚು ಹೊತ್ತು ಕಾಯಿಸಬೇಡಿ, ಬೇಕಾದರೆ ಕೆಲವನ್ನು ಬೀಳಿಸಿ, ಕಳಿಸುವವನು ತಾನೇ ನಿಧಾನಿಸುತ್ತಾನೆ. ನಷ್ಟವೇ ಆಗಬಾರದು ಎಂಬ ಜಿಪುಣತನದಿಂದ ಎಲ್ಲರಿಗೂ ತಡವಾಗುತ್ತಿತ್ತು. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ಮಾತ್ರ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಜೇಕಬ್ಸನ್ ಹೆಸರು ಬಂದಮೇಲೆ 1986ರ ಅಕ್ಟೋಬರ್ ಕಥೆ ಹೇಳದೆ ಬಿಡಲಾರೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ. ನಮ್ಮ ಬಡಾವಣೆಯ ಒಂದು ರಸ್ತೆಯ ಉದ್ದ. ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದ ಆ ದಾರಿಯಲ್ಲಿ ಇದ್ದಕ್ಕಿದ್ದಂತೆ 40 ಬಿಟ್ ಹೋಗತೊಡಗಿತು. ನಲವತ್ತು ಸಾವಿರವಲ್ಲ, ನಲವತ್ತು. ತಂತಿ ಮೊದಲಿನದೇ, ಯಂತ್ರಗಳು ಮೊದಲಿನವೇ. ಇವತ್ತಿನ ನಮ್ಮ ಪರಿಣತರಾಗಿದ್ದರೆ ದಪ್ಪ ಲೈನ್ ಎಳೆಸಿರುತ್ತಿದ್ದರು. ಜೇಕಬ್ಸನ್ ಮತ್ತು ಮೈಕ್ ಕ್ಯಾರೆಲ್ಸ್ ಕೂತು ನೋಡಿದರು. ಉತ್ತರ ತಡವಾದ ಕೂಡಲೇ ಪ್ರತಿ ಯಂತ್ರವೂ ಅದನ್ನೇ ಮತ್ತೆ ಕಳಿಸುತ್ತಿತ್ತು, ಮತ್ತೆ ಕಳಿಸಿದ್ದರಿಂದ ದಾರಿ ಇನ್ನಷ್ಟು ಕಟ್ಟಿಕೊಳ್ಳುತ್ತಿತ್ತು. ಮೆಲ್ಲಗೆ ಶುರು ಮಾಡು, ಉತ್ತರ ಬಂದಂತೆಲ್ಲ ಹೆಚ್ಚಿಸು, ನಷ್ಟ ಕಂಡರೆ ತಕ್ಷಣ ತಗ್ಗಿಸು ಎಂಬ ಶಿಸ್ತನ್ನು ಯಂತ್ರಗಳಿಗೆ ಕಲಿಸಿದರು. 1988ರಲ್ಲಿ ಜೇಕಬ್ಸನ್ ಇದನ್ನು ಪ್ರಕಟಿಸಿದ. ಇವತ್ತು ಇಂಟರ್ನೆಟ್ ನಿಂತಿರುವುದು ಆ ಶಿಸ್ತಿನ ಮೇಲೆ.

ಇನ್ನು ‘ಆಫ್ ಮಾಡಿ ಆನ್ ಮಾಡ್ರಿ’. ಇದರಿಂದ ಸರಿಹೋಗುವುದಿಲ್ಲ ಎಂದರೆ ಸುಳ್ಳಾದೀತು. ಎಷ್ಟೋ ಸಲ ಸರಿಹೋಗುತ್ತದೆ, ಅದೇ ಇದರ ಕೇಡು. ಆನ್ ಆದಾಗ ರೂಟರ್ ಮತ್ತೊಮ್ಮೆ ಸುತ್ತ ನೋಡಿ ಸದ್ದು ಕಡಿಮೆ ಇರುವ ಚಾನೆಲ್ ಹಿಡಿಯುತ್ತದೆ. ನಿಮಗೆ ಸರಿಹೋಯಿತು. ಸಂಜೆ ಪಕ್ಕದ ಮನೆಯವರದು ನಿಧಾನವಾಗುತ್ತದೆ, ಅವರು ಆಫ್-ಆನ್ ಮಾಡುತ್ತಾರೆ, ಅವರ ರೂಟರ್ ಬಂದು ನಿಮ್ಮ ಚಾನೆಲ್ಲಿಗೇ ಕೂರುತ್ತದೆ. ಬಡಾವಣೆ ತುಂಬ ಹೀಗೆ ಕುರ್ಚಿ ಆಟ ನಡೆಯುತ್ತಿದೆ. ಮೇಲಾಗಿ ಆಫ್ ಮಾಡಿದ ಕ್ಷಣಕ್ಕೆ ರೂಟರಿನ ನೆನಪಿನಲ್ಲಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ: ಯಾವ ಹೊತ್ತಿಗೆ ಸಂಪರ್ಕ ಕಡಿಯಿತು, ಎಷ್ಟು ಸಲ, ಯಾವ ಕಾರಣಕ್ಕೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮುಂಚೆ ಗುಡಿಸಿ ಸಾರಿಸಿದಂತೆ.

ಮೆಡಿಕಲ್ ಕಾಲೇಜಿನ ಹುಡುಗರು ಇರುವ ಒಂದು ಪಿ.ಜಿ.ಯಲ್ಲಿ ಈ ಆಫ್-ಆನ್ ಪೂಜೆ ಎರಡು ತಿಂಗಳು ನಡೆದಿತ್ತು. ಆಫ್-ಆನ್ ಮಾಡಿದರೆ ಅರ್ಧ ಹುಡುಗರಿಗೆ ನೆಟ್ ಬರುವುದು, ಮಾರನೇ ದಿನ ಬೇರೆ ಅರ್ಧಕ್ಕೆ ಹೋಗುವುದು. ಮಾಲೀಕರು ರೋಸಿ ಇನ್ನೊಂದು ಕಂಪನಿಯ ಎರಡನೇ ಲೈನನ್ನೂ ಹಾಕಿಸಿದ್ದರು. ನಾನು ಮಾಡಿದ್ದು ಇಷ್ಟೇ: ಒಂದು ಹಾಳೆ ತೆಗೆದುಕೊಂಡು ಕೋಣೆ ಕೋಣೆಗೆ ಹೋಗಿ ಪ್ರತಿ ಲ್ಯಾಪ್‌ಟಾಪಿನ ಗೇಟ್‌ವೇ, ಅಂದರೆ ಹೊರಗೆ ಹೋಗುವ ಬಾಗಿಲಿನ, ವಿಳಾಸ ಬರೆದುಕೊಂಡೆ. ನೆಟ್ ಇದ್ದವರದು 192.168.1.1. ಇಲ್ಲದವರದೆಲ್ಲ 192.168.0.1. ಮನೆಗೆ ಒಬ್ಬ ಯಜಮಾನ ಇರಬೇಕಾದಲ್ಲಿ ಇಬ್ಬರಿದ್ದಾರೆ ಎಂದು ಅಲ್ಲೇ ಗೊತ್ತಾಯಿತು. ಎರಡನೇ ಮಹಡಿಯ ಒಂದು ಕಪಾಟಿನ ಮೇಲೆ, ವಾರ್ಡನ್ ಕಣ್ಣಿಗೆ ಬೀಳದಂತೆ ಟವೆಲ್ ಸುತ್ತಿಟ್ಟ ಸಣ್ಣ ರೂಟರ್ ಸಿಕ್ಕಿತು. ಹುಡುಗನೊಬ್ಬ ಸಿಗ್ನಲ್ ಸಾಲದು ಎಂದು ಊರಿನಿಂದ ತಂದು ಗೋಡೆಯ ಕೇಬಲ್ಲನ್ನು ಅದರ ತಪ್ಪು ತೂತಿಗೆ ಚುಚ್ಚಿದ್ದ. ಅದು ಕೇಳಿದವರಿಗೆಲ್ಲ ತನ್ನದೇ ವಿಳಾಸ ಹಂಚುತ್ತಿತ್ತು. ಯಾರಿಗೆ ಯಾವುದರ ಉತ್ತರ ಮೊದಲು ಸಿಗುತ್ತದೋ ಅವರ ಅದೃಷ್ಟ. ಕೇಬಲ್ಲನ್ನು ತೂತು ಬದಲಾಯಿಸಿ ಚುಚ್ಚಿದೆ. ಎರಡನೇ ಲೈನಿಗೆ ಆಗಲೇ ವರ್ಷದ ಹಣ ಕಟ್ಟಿಯಾಗಿತ್ತು.

ಪಿ.ಜೆ. ಬಡಾವಣೆಯ ಲೆಕ್ಕಪರಿಶೋಧಕರೊಬ್ಬರ ಕಚೇರಿಯದು ಇನ್ನೂ ಚಿಕ್ಕ ಕಥೆ. ಅವರು ಇನ್ನೂರಕ್ಕೆ ಏರಿಸಿದರೂ, ಮುನ್ನೂರಕ್ಕೆ ಏರಿಸಿದರೂ ಸ್ಪೀಡ್ ಟೆಸ್ಟಿನಲ್ಲಿ ಬರುತ್ತಿದ್ದದ್ದು 94. ಮರುದಿನವೂ 94. ಈ ಕೆಲಸದವರಿಗೆ ಆ ಅಂಕಿ ಕಂಡ ಕೂಡಲೇ ನಗು ಬರುತ್ತದೆ. ಕೇಬಲ್ಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್ಟಿಗೆ ಎಂಟೂ ಬೇಕು. ಒಂದು ಕೂಡದಿದ್ದರೂ ಎರಡು ತುದಿಯ ಯಂತ್ರಗಳು ಮಾತಾಡಿಕೊಂಡು ನೂರಕ್ಕೆ ಇಳಿಯುತ್ತವೆ, ಏಕೆಂದರೆ ನೂರಕ್ಕೆ ಎರಡೇ ಜೋಡಿ ಸಾಕು. ನೂರರಲ್ಲಿ ತಲೆಬರಹಗಳ ಖರ್ಚು ಕಳೆದರೆ ಉಳಿಯುವುದು 94 ಚಿಲ್ಲರೆ. ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಎಲ್ಲ ಸರಿ; ಎಂಟನೆಯದು, ಕಂದು, ಪಿನ್ನಿನ ತನಕ ತಲುಪಿರಲೇ ಇಲ್ಲ. ಒಂದು ಹೊಸ ಕನೆಕ್ಟರ್ ಕ್ರಿಂಪ್ ಮಾಡಿದೆ. ಕೂಲಿ ಕೇಳಲು ನಾಚಿಕೆಯಾಗುವಷ್ಟು ಸಣ್ಣ ಕೆಲಸ. ಆದರೂ ಕೇಳಿದೆ.

ಎದುರು ಪಕ್ಷದವರ ಮಾತನ್ನೂ ಕೇಳಬೇಕು. ಅವರು ಹೇಳುವುದು: ‘ನಿಮ್ಮನ್ನು ಕರೆಸಿ ಅಳೆಸುವುದಕ್ಕಿಂತ ತಿಂಗಳಿಗೆ ಮುನ್ನೂರು ರೂಪಾಯಿ ಹೆಚ್ಚು ಕೊಡುವುದೇ ಸಲೀಸು. ಅಗಲ ಹೆಚ್ಚಿದ್ದರೆ ನಷ್ಟವೇನು?’ ಮುನ್ನೂರೆಂದರೆ ವರ್ಷಕ್ಕೆ 3,600. ಹಣ ಹೋದರೂ ರೋಗ ಉಳಿಯಿತಲ್ಲ, ಅದು ನಷ್ಟ. ಇನ್ನೊಂದು ಮಾತು ಅವರದು, ಅದಕ್ಕೆ ತೂಕವಿದೆ: ದಾರಿ ನಿಜವಾಗಿಯೂ ಸಾಲದೇ ಇರುವುದೂ ಉಂಟು. ಒಪ್ಪುತ್ತೇನೆ. ಮನೆಗೆ ಬರುವ ಫೈಬರ್ ನಿಮಗೊಬ್ಬರಿಗೇ ಅಲ್ಲ. ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಸುಮಾರು 2.5 ಜಿಬಿಪಿಎಸ್ಸನ್ನು 32 ಅಥವಾ 64 ಮನೆ ಹಂಚಿಕೊಳ್ಳುತ್ತವೆ. ಅದರ ಹಿಂದಿನ ಲೈನನ್ನು ಕಂಪನಿ ಇನ್ನೂ ಬಿಗಿಯಾಗಿ ಹಿಡಿದಿರಬಹುದು. ಆದರೆ ಅದನ್ನೂ ಅಳೆದೇ ಹೇಳಬಹುದು. ಕೇಬಲ್ ಚುಚ್ಚಿಕೊಂಡು ಕೂತು ರೂಟರಿಗೆ ಪಿಂಗ್ ಮಾಡಿ, ಅದು 1 ಇದ್ದು, ಅದರ ಮುಂದಿನ ಕಂಪನಿಯ ಯಂತ್ರಕ್ಕೆ ಬೆಳಿಗ್ಗೆ 5, ರಾತ್ರಿ ಒಂಬತ್ತಕ್ಕೆ 90 ಬಂದರೆ ದಟ್ಟಣೆ ಅವರ ಕಡೆ. ಆಗಲೂ ನೀವು ಪ್ಲಾನ್ ಏರಿಸಿದರೆ ಅದೇ ಕಿಕ್ಕಿರಿದ ಬಸ್ಸಿನಲ್ಲಿ ಎರಡು ಟಿಕೆಟ್ ತೆಗೆದುಕೊಂಡ ಹಾಗೆ. ಆ ಅಂಕಿ ಬರೆದಿಟ್ಟು ದೂರು ಕೊಡಬೇಕು.

ಫೈಬರಿನಲ್ಲಿ ಇನ್ನೊಂದು ಮೋಜು. ಗೋಡೆಯ ಮೊಳೆಗೆ ಫೈಬರನ್ನು ಬಿಗಿಯಾಗಿ ಸುತ್ತಿ ಅಂದವಾಗಿ ಕಟ್ಟುತ್ತಾರೆ. ಬಾಗಿದಲ್ಲಿ ಬೆಳಕು ಸೋರುತ್ತದೆ. 3 ಡೆಸಿಬೆಲ್ ಸೋರಿದರೆ ಬೆಳಕು ಅರ್ಧವಾಯಿತು ಎಂದು ಲೆಕ್ಕ. ಬೆಳಕಿನ ಬಲ ಮೈನಸ್ 20 ಡಿಬಿಎಂ ಸುತ್ತ ಇರಬೇಕಾದದ್ದು ಮೈನಸ್ 27ರ ಕೆಳಗೆ ಹೋದರೆ ಸಂಪರ್ಕ ತೂಗಾಡುತ್ತದೆ. ಮೊಳೆ ಕಿತ್ತು ಸುರುಳಿ ದೊಡ್ಡದು ಮಾಡಿದರೆ ಮುಗಿಯಿತು.

ಮನೆಯಿಂದ ಕಾಲೇಜು, ಆಸ್ಪತ್ರೆಗಳಿಗೆ ಬಂದರೆ ಈ ಮೂಢನಂಬಿಕೆ ಲಕ್ಷಗಳಲ್ಲಿ ಮಾತಾಡುತ್ತದೆ. ತಪಾಸಣಾ ಸಮಿತಿ ಬರುತ್ತದೆಂದರೆ ಒಂದು ಜಿಬಿಪಿಎಸ್ ಲೀಸ್ಡ್ ಲೈನ್. ಅದರ ಕೆಳಗೆ ಕೇಬಲ್ಲುಗಳನ್ನು ಕೂಡಿಸುವ ಒಂದು ಸ್ವಿಚ್ಚಿಗೆ ಇನ್ನೊಂದು, ಅದಕ್ಕೆ ಮತ್ತೊಂದು, ಹೀಗೆ ಏಳೆಂಟು ಸ್ವಿಚ್ಚುಗಳ ಸರಪಳಿ. ಮೇಜಿನ ಕೆಳಗೆ, ಕಸದ ಬುಟ್ಟಿಯ ಹಿಂದೆ, ನಕಾಶೆ ಯಾರ ಹತ್ತಿರವೂ ಇಲ್ಲ. ಯಾರೋ ಗುಡಿಸುವಾಗ ಬಿದ್ದ ಕೇಬಲ್ ತುದಿಯನ್ನು ಒಳ್ಳೆಯ ಮನಸ್ಸಿನಿಂದ ಎತ್ತಿ ಅದೇ ಸ್ವಿಚ್ಚಿನ ಖಾಲಿ ತೂತಿಗೆ ಚುಚ್ಚಿದರೆ ಸಾಕು. ಎಲ್ಲರಿಗೂ ಅಂತ ಹೊರಟ ಒಂದು ಪ್ಯಾಕೆಟ್ಟು ಸುತ್ತಿಗೆ ಬಿದ್ದು, ಪ್ರತಿ ಸುತ್ತಿಗೂ ಮರಿ ಹಾಕುತ್ತ ಕಟ್ಟಡವನ್ನೇ ಮುಳುಗಿಸುತ್ತದೆ. ಇದಕ್ಕೆ 1985ರಲ್ಲೇ ರಾಡಿಯಾ ಪರ್ಲ್‌ಮನ್ ಎಂಬಾಕೆ ಉತ್ತರ ಕೊಟ್ಟಿದ್ದಾರೆ: ಸ್ವಿಚ್ಚುಗಳು ತಾವೇ ಮಾತಾಡಿಕೊಂಡು ಸುತ್ತಿಲ್ಲದ ಒಂದು ಮರ ಕಟ್ಟಿಕೊಳ್ಳುವ ವಿಧಾನ. ಅಗ್ಗದ ಸ್ವಿಚ್ಚುಗಳಲ್ಲಿ ಅದು ಇರುವುದಿಲ್ಲ. ಇದ್ದರೂ ಅದಕ್ಕೂ ಮಿತಿಯಿದೆ. 2002ರ ನವೆಂಬರ್‌ನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ದಿನಗಟ್ಟಲೆ ಕುಸಿದು, ವೈದ್ಯರು ಕಾಗದ ಪೆನ್ನಿಗೆ ಇಳಿದರು. ವರ್ಷಗಳಿಂದ ತುಂಡು ತುಂಡಾಗಿ ಬೆಳೆಸುತ್ತ ಹೋದ ಜಾಲದಲ್ಲಿ ಆ ಮರ ತನ್ನ ಮಿತಿ ಮೀರಿ ಉದ್ದವಾಗಿತ್ತು. ಬಡ ಆಸ್ಪತ್ರೆಯಲ್ಲ ಅದು, ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆ. ಅದರ ಮಾಹಿತಿ ಮುಖ್ಯಸ್ಥ ಜಾನ್ ಹಲಾಮ್ಕ ಏನು ತಪ್ಪಾಯಿತೆಂದು ಮುಚ್ಚಿಡದೆ ಹೇಳಿಕೊಂಡ, ಆ ದೊಡ್ಡತನ ನಮ್ಮಲ್ಲಿ ಅಪರೂಪ.

ನನ್ನ ಹೆಚ್ಚಿನ ಜಗಳ ಇರುವುದು ಕಲಿಸುವವರ ಜೊತೆ. ಓಎಸ್‌ಐ ಮಾದರಿಯ ಏಳು ಪದರಗಳ ಹೆಸರನ್ನು ಈ ಊರಿನ ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. 1984ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು, ಆದರೆ ಇಂಟರ್ನೆಟ್ 1983ರ ಜನವರಿ 1ರಂದೇ ಟಿಸಿಪಿ/ಐಪಿ ಕಡೆಗೆ ಹೋಗಿಯಾಗಿತ್ತು. ಹಾಗಾದರೆ ಏಳು ಪದರ ಯಾತಕ್ಕೆ? ಹುಡುಕುವ ಕ್ರಮಕ್ಕೆ. ಕೆಳಗಿನಿಂದ ಶುರು ಮಾಡು: ವೈರು ಕೂತಿದೆಯೇ, ದೀಪ ಹತ್ತಿದೆಯೇ? ಪಕ್ಕದವನು ಕಾಣುತ್ತಾನೆಯೇ? ವಿಳಾಸ ಸಿಕ್ಕಿದೆಯೇ, ಅಥವಾ 169.254 ಎಂದು ಯಂತ್ರ ತಾನೇ ಕಟ್ಟಿಕೊಂಡಿದೆಯೇ? ದೂರದವನು ಅಂಕಿಗೆ ಉತ್ತರ ಕೊಟ್ಟು ಹೆಸರಿಗೆ ಕೊಡದಿದ್ದರೆ ತಪ್ಪು ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್‌ನದು. ಈ ಕ್ರಮವನ್ನು ಒಂದು ಗಂಟೆಯಲ್ಲಿ ಕಲಿಸಬಹುದು. ಕಲಿಸುವುದು ಹೆಸರುಗಳನ್ನು.

ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನ 2018ರ ಪಠ್ಯಕ್ರಮದ ನೆಟ್‌ವರ್ಕ್ ಪ್ರಯೋಗಾಲಯದ ಮೊದಲ ಪ್ರಯೋಗ ಯಾವುದು ಗೊತ್ತೇ? ಮೂರು ಕಂಪ್ಯೂಟರುಗಳ ಜಾಲ ಕಟ್ಟಿ, ಸಾಲಿನ ಉದ್ದ ಗೊತ್ತುಮಾಡಿ, ದಾರಿಯ ಅಗಲ ಬದಲಾಯಿಸುತ್ತ ಎಷ್ಟು ಪ್ಯಾಕೆಟ್ ಬೀಳುತ್ತವೆ ಎಂದು ಎಣಿಸುವುದು. ಎರಡನೆಯದು ಪಿಂಗ್ ಮತ್ತು ಟ್ರೇಸ್‌ರೂಟ್. ತೂತಿನ ಬಕೆಟ್ಟಿನ ವಿಧಾನದಲ್ಲಿ ದಟ್ಟಣೆ ತಡೆಯುವುದೂ ಆ ಪಟ್ಟಿಯಲ್ಲಿದೆ. ಪಠ್ಯ ಮಾಡಿದವರು ತಿಳಿದವರೇ. ನಾನು ಮೇಲೆ ಬರೆದದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ ಇದೆ. ಹುಡುಗರು ಹಿರಿಯರ ರೆಕಾರ್ಡ್ ನೋಡಿ ಕೋಡ್ ಇಳಿಸುತ್ತಾರೆ, ಪರದೆಯ ಮೇಲೆ ಚುಕ್ಕೆಗಳು ಓಡುತ್ತವೆ, ಸಹಿ ಬೀಳುತ್ತದೆ, ಅಂಕ ಪೂರ್ತಿ. ಅದೇ ಹುಡುಗ ಹಾಸ್ಟೆಲಿಗೆ ಬಂದು ನೆಟ್ ನಿಧಾನ ಅಂದರೆ ಪಿಂಗ್ ಹೊಡೆಯುವುದಿಲ್ಲ, ವಾರ್ಡನ್ ಬಾಗಿಲು ಬಡಿಯುತ್ತಾನೆ. ಪ್ರಯೋಗಾಲಯದ ಚುಕ್ಕೆಗೂ ತನ್ನ ಕೋಣೆಯ ಗೋಡೆಯಲ್ಲಿರುವ ತಂತಿಗೂ ಸಂಬಂಧವಿದೆ ಎಂದು ಅವನಿಗೆ ಯಾರೂ ಹೇಳಿಲ್ಲ. ಟವೆಲ್ ಸುತ್ತಿಟ್ಟ ರೂಟರನ್ನು ಹುಡುಕಿ ತರುವವನಿಗೆ ಹತ್ತು ಅಂಕ ಎಂದು ಒಂದು ವರ್ಷ ಪರೀಕ್ಷೆ ಮಾಡಿ ನೋಡಲಿ.

ಪಿಂಗ್ ಬರೆದದ್ದು ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್, 1983ರ ಡಿಸೆಂಬರ್‌ನಲ್ಲಿ. ತನ್ನ ಜಾಲ ಏನೋ ವಿಚಿತ್ರವಾಗಿ ಆಡುತ್ತಿದೆ ಎಂದು ಒಂದು ಸಂಜೆ ಕೂತು ಬರೆದದ್ದು. ಅದಕ್ಕೆ ಹಣ ಕೊಡಬೇಕಿಲ್ಲ, ನಿಮ್ಮ ಕಂಪ್ಯೂಟರಿನಲ್ಲಿ ಆಗಲೇ ಇದೆ. ಇಲ್ಲಿಂದ ಬೆಂಗಳೂರು ಸುಮಾರು 260 ಕಿ.ಮೀ.; ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿ.ಮೀ. ಓಡುತ್ತದೆ, ಹೋಗಿ ಬರಲು ಮೂರು ಮಿಲಿಸೆಕೆಂಡೂ ಬೇಡ. ಅಷ್ಟು ಹೊತ್ತಿನಲ್ಲಿ ಬೆಂಗಳೂರಿಗೆ ಹೋಗಿ ಬರಬಹುದಾದದ್ದು ನಿಮ್ಮ ಹಾಲಿನಿಂದ ಮಹಡಿಗೆ ಹೋಗಲು ಮುನ್ನೂರ ನಲವತ್ತು ತೆಗೆದುಕೊಂಡರೆ ತಪ್ಪು ಬೆಂಗಳೂರಿನದಲ್ಲ.

ಮೇಷ್ಟ್ರು ಮುಂದಿನ ತಿಂಗಳೇ ನೂರಕ್ಕೆ ಇಳಿಸಿದರು. ಕಂಪನಿಯ ಹುಡುಗ ಫೋನು ಮಾಡಿ ‘ಯಾಕೆ ಸಾರ್, ಸ್ಲೋ ಆಗುತ್ತೆ’ ಅಂದನಂತೆ. ಅವರು ಈಗ ರೂಟರಿನ ಪಕ್ಕ ಪಂಚಾಂಗ ನೇತುಹಾಕುವ ಮೊಳೆಗೆ ಒಂದು ನೋಟ್‌ಬುಕ್ಕನ್ನೂ ದಾರದಲ್ಲಿ ಕಟ್ಟಿದ್ದಾರೆ. ನೆಟ್ ಹೋದಾಗ ತಾರೀಖು, ಹೊತ್ತು, ಯಾವ ದೀಪ ಕೆಂಪು, ರೂಟರಿಗೆ ಪಿಂಗ್ ಎಷ್ಟು, ಎಂದು ನಾಲ್ಕು ಕಲಂ ಗೆರೆ ಎಳೆದಿದ್ದಾರೆ. ನೀವೂ ಒಂದು ಕಟ್ಟಿ. ಮುಂದಿನ ಸಲ ನನ್ನನ್ನು ಕರೆಯುವ ಮೊದಲು, ಕಂಪನಿಗೆ ಫೋನು ಮಾಡುವ ಮೊದಲು, ಸ್ವಿಚ್ ಮೇಲೆ ಬೆರಳಿಡುವ ಮೊದಲು ಅದರಲ್ಲಿ ಒಂದು ಸಾಲು ಬರೆಯಿರಿ.